ಸೈಕಲ್ ಟ್ಯೂಬು ಕಟ್ಟಿದ ಬಲಗಾಲ ಚಪ್ಪಲಿ

ಶಿಕಾರಿಪುರದ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರು ಪಕ್ಕದವರನ್ನು ಕೇಳುತ್ತಿದ್ದ ಮೊದಲ ಪ್ರಶ್ನೆ ನೋವು ಎಲ್ಲಿ ಎಂದಲ್ಲ. "ನಿಮಗೆ ಎಷ್ಟು ಕೆಜಿ ಹಾಕ್ಯಾರ್ರೀ?" ಎಂದು.

ಕೆಜಿ ಅಂದರೆ ಸೊಂಟವನ್ನು ಎಳೆಯುವ ಬಲ. ಮಂಡಿಯಲ್ಲಿ ಮೆಕ್ಕೆಜೋಳ ತೂಗಿ ತೂಗಿ ಬೆಳೆದ ಜನ. ತೂಕ ಜಾಸ್ತಿಯಾದಷ್ಟೂ ಒಳ್ಳೆಯದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಷಿನ್ನಿನ ಪರದೆಯ ಮೇಲೆ ಮೂವತ್ತು ಬಂದವರು ಇಪ್ಪತ್ತು ಬಂದವರ ಕಡೆ ಕನಿಕರದಿಂದ ನೋಡುತ್ತಿದ್ದರು. "ರೀ, ಇದು ಜೋಳದ ಚೀಲ ಅಲ್ಲ, ನಿಮ್ಮ ಬೆನ್ನುಮೂಳೆ" ಎಂದು ನಾನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಹತ್ತು ಸಲವೂ ತಲೆಯಾಡಿಸಿ, "ಹೌದು ಬಿಡ್ರಿ ಮೇಡಂ. ನಾಳೆ ಒಂದೆರಡು ಕೆಜಿ ಏರಿಸ್ತೀರಲ್ಲ?" ಎನ್ನುತ್ತಿದ್ದರು.

ಆ ಮಷಿನ್ನು ಎರಡು ತುಂಡಾಗಿರುವ ಒಂದು ಮಂಚ. ಮೇಲಿನ ಅರ್ಧ ಅಲ್ಲಾಡುವುದಿಲ್ಲ, ಕೆಳಗಿನ ಅರ್ಧ ಜಾರುತ್ತದೆ. ಪಕ್ಕೆಲುಬಿನ ಕೆಳಭಾಗಕ್ಕೆ ಒಂದು ಬೆಲ್ಟು, ಸೊಂಟದ ಮೂಳೆಯ ಮೇಲೆ ಇನ್ನೊಂದು. ಮೋಟಾರು ಕೆಳಗಿನ ಬೆಲ್ಟನ್ನು ನಿಧಾನಕ್ಕೆ ಎಳೆಯುತ್ತದೆ, ಒಂದು ನಿಮಿಷ ಹಿಡಿದಿಡುತ್ತದೆ, ಅರ್ಧ ಸಡಿಲಿಸುತ್ತದೆ, ಮತ್ತೆ ಎಳೆಯುತ್ತದೆ. ಹೀಗೆ ಅರ್ಧ ಗಂಟೆ. ಎರಡು ಮೂಳೆಗಳ ನಡುವೆ ಒಂದಿಷ್ಟು ಜಾಗ ಬಿಡುವಾದರೆ, ಹೊರಕ್ಕೆ ಉಬ್ಬಿ ನರವನ್ನು ಒತ್ತುತ್ತಿರುವ ಡಿಸ್ಕಿನ ಒತ್ತಡ ಇಳಿಯುತ್ತದೆ ಎಂಬುದು ಇದರ ಹಿಂದಿನ ಯೋಚನೆ. ಕ್ಲಿನಿಕ್ಕಿನ ಮಾಲೀಕರು ನನಗಿಂತ ಇಪ್ಪತ್ತು ವರ್ಷ ಹಿರಿಯ ಫಿಸಿಯೋಥೆರಪಿಸ್ಟ್. ಬಾಗಿಲ ಮೇಲೆ 'ಆಪರೇಷನ್ ಇಲ್ಲದೆ ಡಿಸ್ಕ್ ನೋವಿನಿಂದ ಮುಕ್ತಿ' ಎಂದು ಬೋರ್ಡು ಬರೆಸಿದ್ದರು. ನಾನು ಅವರನ್ನು ಸರ್ ಅನ್ನುತ್ತಿದ್ದೆ; ಸರ್ ಅಂದ ಮರುಕ್ಷಣವೇ ಜಗಳಕ್ಕೆ ನಿಲ್ಲುತ್ತಿದ್ದೆ.

"ಮುಕ್ತಿ ಅಂತ ಹೆಂಗೆ ಬರೀತೀರಿ ಸರ್? ಇದು ಹಳೇ ಟ್ರಾಕ್ಷನ್ನು, ಕಂಪ್ಯೂಟರ್ ಜೋಡಿಸಿದಾರೆ ಅಷ್ಟೆ. ಬರೀ ವ್ಯಾಯಾಮ ಮಾಡಿಸೋದಕ್ಕಿಂತ ಇದು ಮೇಲು ಅನ್ನೋಕೆ ಗಟ್ಟಿ ಪುರಾವೆ ಎಲ್ಲಿದೆ?"

"ಜನ ಎದ್ದು ನಡಕೊಂಡು ಹೋಗ್ತಿದಾರಲ್ಲಮ್ಮ, ಅದೇ ಪುರಾವೆ."

"ಡಿಸ್ಕ್ ನೋವು ಸುಮಾರು ಜನಕ್ಕೆ ಒಂದೆರಡು ತಿಂಗಳಲ್ಲಿ ತಾನಾಗೇ ಇಳಿಯುತ್ತೆ. ನೀವು ದಿನಾ ಅರ್ಧ ಗಂಟೆ ಫ್ಯಾನ್ ಹಾಕಿ ಮಲಗಿಸಿದ್ರೂ ಅವರು ಎದ್ದು ಹೋಗ್ತಿದ್ರು."

"ಹಂಗಾದ್ರೆ ಮೊದಲು ಆ ಫ್ಯಾನ್ ರಿಪೇರಿ ಮಾಡ್ಸು" ಎಂದು ಸರ್ ಒಳಗೆ ಹೋಗುತ್ತಿದ್ದರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂದು ಚೀಟಿ ಎತ್ತಿ ವಾದಿಸಿದವಳು ನಾನು. ಇಲ್ಲಿ ಚೀಟಿಯೇ ಬೇಕಿರಲಿಲ್ಲ. ಆದರೂ ಆ ಕ್ಲಿನಿಕ್ಕಿನಲ್ಲಿ ನಾನು ಗೆದ್ದ ವಾದ ಒಂದೇ ಒಂದು, ಅದು ಚಪ್ಪಲಿಯದು. ಮಳೆ ಹಿಡಿದ ಮೇಲೆ ಕೆಂಪು ರಾಡಿ ಬಿಳಿ ಟೈಲ್ಸಿಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಸೊಂಟ ನೋವಿನವರು, ಹಾಕಿಕೊಂಡೇ ಬರಲಿ ಬಿಡು ಎಂದರು ಸರ್. ಜಾರಿ ಬಿದ್ದರೆ ಯಾರು ಹೊಣೆ ಎಂದು ನಾನು. ಎರಡು ದಿನ ಕಿತ್ತಾಡಿ, 'ಚಪ್ಪಲಿ ಹೊರಗೇ ಬಿಡಿ' ಎಂದು ದಪ್ಪ ಅಕ್ಷರದಲ್ಲಿ ನಾನೇ ಬರೆದು ಬಾಗಿಲಿಗೆ ಅಂಟಿಸಿದೆ. ಜನಕ್ಕೂ ಅದೇ ಹಿತವಾಯಿತು. ಮನೆಯಾಗಲಿ ಆಸ್ಪತ್ರೆಯಾಗಲಿ, ಚಪ್ಪಲಿ ಮೆಟ್ಟಿಕೊಂಡು ಒಳಗೆ ಬರಲು ಅವರಿಗೇ ಮುಜುಗರ.

ಬೋರ್ಡು ಅಂಟಿಸಿದ ಸೋಮವಾರವೇ ಡ್ರೈವರ್ ಬಂದರು. ಶಿಕಾರಿಪುರದಿಂದ ಆನವಟ್ಟಿ ಮೇಲೆ ಸೊರಬಕ್ಕೆ ಹೋಗುವ ಒಂದು ಖಾಸಗಿ ಬಸ್ಸಿನ ಡ್ರೈವರ್. ಐವತ್ತರ ಹತ್ತಿರದ ವಯಸ್ಸು, ಮನೆ ಆನವಟ್ಟಿ. ಎರಡು ತಿಂಗಳಿಂದ ಸೊಂಟದಿಂದ ಹಿಡಿದು ಬಲಗಾಲಿನ ಹೆಬ್ಬೆರಳ ತನಕ ಕಾದ ತಂತಿ ಎಳೆದ ಹಾಗೆ ಉರಿ. ಶಿವಮೊಗ್ಗದ ಡಾಕ್ಟರು ಸ್ಕ್ಯಾನ್ ನೋಡಿ, ಸದ್ಯಕ್ಕೆ ಆಪರೇಷನ್ ಬೇಡ, ಕೆಲವು ವಾರ ಫಿಸಿಯೋಥೆರಪಿ ಮಾಡಿ ನೋಡಿ, ಆದರೆ ಕಾಲಿನ ಬಲದ ಮೇಲೆ ಕಣ್ಣಿರಲಿ ಎಂದು ಚೀಟಿ ಬರೆದುಕೊಟ್ಟಿದ್ದರು. ಬಸ್ಸಿನ ಮಾಲೀಕ ಒಂದು ತಿಂಗಳು ಕಾಯುತ್ತೇನೆ ಎಂದಿದ್ದ. ಅಷ್ಟರಲ್ಲಿ ಬರದಿದ್ದರೆ ಬದಲಿ ಡ್ರೈವರೇ ಖಾಯಂ.

ಡ್ರೈವರ್ ದಿನಾ ಬರುತ್ತಿದ್ದುದು ಅದೇ ಬಸ್ಸಿನಲ್ಲಿ. ಮುಂದಿನ ಸೀಟಿನಲ್ಲಿ ಹೆಂಡತಿಯ ಪಕ್ಕ ಕೂತು, ಬದಲಿ ಡ್ರೈವರಿನ ಗೇರು, ಕ್ಲಚ್ಚು, ತಿರುವು ಎಲ್ಲಕ್ಕೂ ತಪ್ಪು ಹುಡುಕುತ್ತ.

"ಇವರ ಸೊಂಟ ನೆಟ್ಟಗೆ ಮಾಡಿಕೊಡಿ ಡಾಕ್ಟ್ರಮ್ಮ" ಎಂದರು ಹೆಂಡತಿ. "ಮನೇಲಿ ಕೂತ್ಕಂಡು ನನಗೇ ಹಾರ್ನ್ ಹೊಡೀತಾರೆ."

ಮೊದಲ ದಿನದ ತಪಾಸಣೆ ನಾನೇ ಮಾಡಿದೆ, ಕಾಟಾಚಾರಕ್ಕೆ ಮಾಡಿದ್ದಲ್ಲ. ಅಂಗಾತ ಮಲಗಿಸಿ ಬಲಗಾಲನ್ನು ನೆಟ್ಟಗೆ ಎತ್ತಿದರೆ ಒಂದು ಮೊಳ ಏರುವಷ್ಟರಲ್ಲಿ "ಅಯ್ಯಪ್ಪಾ" ಎಂದರು. ಹೆಬ್ಬೆರಳು ಮೇಲೆತ್ತಿಸಿ ನಾನು ಕೆಳಕ್ಕೆ ಒತ್ತಿದರೆ ಗಟ್ಟಿ ನಿಂತಿತು. ಹಿಮ್ಮಡಿಯ ಮೇಲೆ ನಡೆಯಿರಿ ಎಂದರೆ ನಡೆದರು. ಮೂತ್ರಕ್ಕೆ, ಮಲಕ್ಕೆ ತೊಂದರೆಯಿಲ್ಲ. ಬಲ ಚೆನ್ನಾಗಿದೆ, ನೋವು ಮಾತ್ರ ಎಂದು ಬರೆದುಕೊಂಡೆ. ದೇಹದ ತೂಕ ಅರವತ್ತೆಂಟು. ಎಳೆತವನ್ನು ಹದಿನೆಂಟಕ್ಕೆ ಇಟ್ಟೆ. ವಾರಕ್ಕೆ ಆರರಂತೆ ಇಪ್ಪತ್ತು ಸಲ. ಹಾಳೆಯಲ್ಲಿ ದಿನಾ ತುಂಬಬೇಕಾದ ಕಾಲಮ್ಮುಗಳು ಮೂರು: ಎಷ್ಟು ಕೆಜಿ, ಎಷ್ಟು ನಿಮಿಷ, ನೋವು ಹತ್ತಕ್ಕೆ ಎಷ್ಟು. ಆ ಹಾಳೆ ಸಾಲದು ಎಂದು ನನಗೆ ಅವತ್ತು ಅನ್ನಿಸಲಿಲ್ಲ. ಮಷಿನ್ನಿನ ಪ್ರತಿಯೊಂದು ಸ್ಕ್ರೂ ಬಗ್ಗೆಯೂ ಅನುಮಾನವಿದ್ದವಳಿಗೆ ಆ ಹಾಳೆಯ ಬಗ್ಗೆ ಮಾತ್ರ ಇರಲಿಲ್ಲ.

ಎಳೆತ ಇಪ್ಪತ್ತೆರಡಕ್ಕೆ ಏರಿದ್ದ ನಾಲ್ಕನೆಯ ದಿನ ಮೊದಲ ಪೆಟ್ಟು. ಬೆಂಚಿನ ಮೇಲೆ ಯಾರೋ ತಮಗೆ ಮೂವತ್ತೆರಡು ಎಂದಿದ್ದರಂತೆ. ಡ್ರೈವರ್ ಹಟ ಹಿಡಿದರು. "ನನಗೇನು ಬರೇ ಇಪ್ಪತ್ತೆರಡು? ನಾನು ಲಟಾರಿ ಗಾಡಿ ಅಂದ್ಕಂಡೀರೇನು?" ನಾನು ಆಗದು ಎಂದೆ. ಸರ್, "ಮೂವತ್ತಕ್ಕೆ ಏನಾಗಲ್ಲ, ಹಾಕು" ಎಂದರು. ಹಾಕಿದೆ. ಎಳೆತವೇನೋ ಸುಖವಾಗಿಯೇ ಮುಗಿಯಿತು. ಬೆಲ್ಟು ಬಿಚ್ಚಿದ್ದೇ ತಡ, ಡ್ರೈವರ್ ಹುಮ್ಮಸ್ಸಿನಲ್ಲಿ ಧಡಕ್ಕನೆ ಎದ್ದು ಕೂತರು. ಬೆನ್ನಿನ ಸ್ನಾಯು ಕಲ್ಲಿನಂತೆ ಸೆಟೆದುಕೊಂಡಿತು. ಮುಕ್ಕಾಲು ಗಂಟೆ ಆ ಮಂಚದಿಂದ ಇಳಿಯಲಾಗಲಿಲ್ಲ. ಬಿಸಿ ಶಾಖ ಕೊಡುತ್ತ ನಾನು ಸರ್ ಕಡೆ ನೋಡಿದೆ. ಸರ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಮರುದಿನದಿಂದ ಮತ್ತೆ ಇಪ್ಪತ್ತೆರಡು, ಆಮೇಲೆ ಇಪ್ಪತ್ನಾಲ್ಕು. ಎರಡನೇ ವಾರದಲ್ಲಿ ಇನ್ನೊಂದು ರಗಳೆ. ಕಾಲಿನ ಉರಿ ಹೆಬ್ಬೆರಳು ಬಿಟ್ಟು ಮೊಣಕಾಲಿಗೆ, ಅಲ್ಲಿಂದ ಕುಂಡೆಗೆ ಬಂದು, ಸೊಂಟದಲ್ಲಿ ಹೆಚ್ಚಾಯಿತು. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತರು.

"ಕಾಲಿಗೆ ಮದ್ದು ಕೇಳಿದ್ರೆ ಸೊಂಟಕ್ಕೆ ನೋವು ಕೊಟ್ಟು ಕಳಿಸ್ತೀರಲ್ರೀ?"

ಇದು ನನ್ನ ಅಖಾಡ. ಬಿಳಿ ಹಾಳೆಯ ಮೇಲೆ ಮನುಷ್ಯನ ಚಿತ್ರ ಬರೆದು ವಿವರಿಸಿದೆ. ನರ ಹುಟ್ಟುವುದು ಬೆನ್ನಲ್ಲಿ, ಹೋಗುವುದು ಕಾಲಿಗೆ. ಬೆನ್ನಿನಲ್ಲಿ ಒತ್ತಿದರೆ ಕಾಲಲ್ಲಿ ಉರಿಯುತ್ತದೆ. ಒತ್ತುವುದು ಕಡಿಮೆಯಾದಂತೆ ನೋವು ಕಾಲು ಬಿಟ್ಟು ಮೇಲಕ್ಕೆ ಬರುತ್ತದೆ. "ಅಕ್ಕಾ, ನೋವು ಕಾಲಿನಿಂದ ಹೋಯ್ತು ಅಂದ್ರೆ ನಾವು ಗೆದ್ವಿ ಅಂತ ಅರ್ಥ. ಬರೆದಿಟ್ಕೊಳ್ಳಿ." ಅವರು ಒಪ್ಪಿದರು. ಡ್ರೈವರ್ ಅಂತೂ ಬೆಂಚಿನ ಮೇಲೆ ಇದನ್ನೇ ಎಲ್ಲರಿಗೂ ಪಾಠ ಮಾಡತೊಡಗಿದರು. ನಾನು ಹೇಳಿದ್ದು ಸುಳ್ಳಲ್ಲ. ಅರ್ಧ ಹೇಳಿದ್ದೆ, ಅಷ್ಟೆ.

ಮೂರನೇ ವಾರದ ಸೋಮವಾರ ಡ್ರೈವರ್ ನಗುತ್ತ ಬಂದು ಮಂಚ ಹತ್ತಿದರು.

"ಕಾಲಾಗೆ ಏನೂ ಇಲ್ಲ ಮೇಡಂ. ಸೊನ್ನೆ ಬರೀರಿ."

"ಏನೂ ಅಂದ್ರೆ ಏನೂ ಇಲ್ವಾ?"

"ಕಾಲು ಐತೋ ಇಲ್ಲೋ ಅನ್ನಂಗೆ ಹಗುರ ಆಗೈತೆ."

ಸರ್ ಓಡಿ ಬಂದರು. ಫೋನು ತೆಗೆದು ವಿಡಿಯೋ ಮಾಡಿದರು. ಡ್ರೈವರ್ ಕೂದಲು ಬಾಚಿಕೊಂಡು, ಆಪರೇಷನ್ ಇಲ್ಲದೆ ಹದಿನೈದು ದಿನಕ್ಕೆ ಗುಣ ಎಂದು ಎರಡು ಸಲ ಹೇಳಿದರು. ಮೊದಲ ಸಲ ಹಿಂದೆ ಪಕ್ಕದ ಮನೆಯ ಮಿಕ್ಸಿ ಸದ್ದು ಬಂದಿತ್ತು. ಸರ್ ನನ್ನ ಕಡೆ ತಿರುಗಿ, "ಏನಮ್ಮಾ, ಪುರಾವೆ ಸಾಕಾ, ಇನ್ನೂ ಬೇಕಾ?" ಎಂದರು.

ಸಿಟ್ಟು ಬಂತು. ಸೋತವರಿಗೆ ಬರುವ ಸಿಟ್ಟು. ಸೊನ್ನೆ ಎಂದು ಬರೆದು ಹಾಳೆ ಮಡಚಿದೆ. ಮಂಗಳವಾರ ಸೊನ್ನೆ, ಬುಧವಾರ ಸೊನ್ನೆ, ಗುರುವಾರ, ಶುಕ್ರವಾರ ಸೊನ್ನೆ. ಪ್ರಶ್ನೆ ಕೇಳುವುದೇ ಚಟವಾಗಿದ್ದವಳು ಆ ಐದು ದಿನ ಒಂದೇ ಒಂದು ಪ್ರಶ್ನೆಯನ್ನೂ ಮುಂದಕ್ಕೆ ಕೇಳಲಿಲ್ಲ. ಕೇಳಿದರೆ ಮತ್ತೆ ಸೋಲಬೇಕಾಗುತ್ತದೆ ಎಂದೋ ಏನೋ.

ಶನಿವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ತರಲು ಹೊರಗೆ ಬಂದವಳು ಬಾಗಿಲಲ್ಲಿ ನನ್ನ ಚಪ್ಪಲಿ ಹುಡುಕುತ್ತಿದ್ದೆ. ಎಂಟು ಹತ್ತು ಜೊತೆಗಳ ನಡುವೆ ಒಂದು ನೀಲಿ ಹವಾಯಿ ಚಪ್ಪಲಿ. ಎಡಗಾಲಿನದು ಸಾದಾ. ಬಲಗಾಲಿನದಕ್ಕೆ ಹಿಂದಿನಿಂದ ಹಿಮ್ಮಡಿ ಸುತ್ತುವ ಹಾಗೆ ಕಪ್ಪು ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿತ್ತು. ಮುಂದೆ ಬೆರಳಿನ ಕಡೆಯ ಅಂಚು ಉಜ್ಜಿ ಉಜ್ಜಿ ತೆಳ್ಳಗಾಗಿತ್ತು. ಬಲಗಾಲಿನದು ಮಾತ್ರ.

ಅದನ್ನು ಕೈಯಲ್ಲಿ ಹಿಡಿದೇ ಒಳಗೆ ಹೋದೆ.

"ಇದು ಯಾರದು?"

"ಅಯ್ಯೋ, ಕೈಯಾಗೆ ಯಾಕೆ ಹಿಡೀತೀರಿ ಮೇಡಂ, ನಂದೇ" ಎಂದರು ಡ್ರೈವರ್. ಆಗಲೇ ಮಂಚದ ಮೇಲೆ ಮಲಗಿದ್ದರು.

"ಟ್ಯೂಬು ಯಾಕೆ ಕಟ್ಟಿದೀರಿ?"

"ನಡೀತಾ ನಡೀತಾ ಬಿಟ್ಟೇ ಹೋಗ್ತೈತೆ ಅದು. ಸವದೈತೆ. ಆನವಟ್ಟಿ ಸ್ಟ್ಯಾಂಡಿನ ಪಂಕ್ಚರ್ ಅಂಗಡ್ಯಾಗೆ ಕಟ್ಟಿಸ್ಕಂಡೆ."

"ಯಾವತ್ತು?"

"ಸೋಮವಾರ" ಎಂದರು ಹೆಂಡತಿ. "ಬಸ್ಸಿನ ಮೆಟ್ಟಿಲ ಮೇಲೆ ಬಿಟ್ಟು ಹೋಗಿತ್ತಲ್ರೀ, ಕಂಡಕ್ಟರ್ ಎತ್ತಿಕೊಟ್ಟನಲ್ಲ, ಅವತ್ತೇ."

ಸೋಮವಾರ. ಮೊದಲ ಸೊನ್ನೆಯ ದಿನ.

ಹೆಬ್ಬೆರಳು ಮೇಲೆತ್ತಿ ಎಂದೆ. ಎಡಗಾಲಿನದು ಎದ್ದಿತು. ಬಲಗಾಲಿನದು ಎತ್ತುತ್ತಿದ್ದೇನೆ ಎಂದು ಅವರು ಹೇಳುತ್ತಲೇ ಇದ್ದರು, ಅದು ಮಿಸುಕಲಿಲ್ಲ. ಇಳಿಸಿ ಹಿಮ್ಮಡಿಯ ಮೇಲೆ ನಿಲ್ಲಿಸಿದೆ. ಬಲ ಪಾದದ ಮುಂಭಾಗ ನೆಲ ಬಿಟ್ಟು ಏಳಲೇ ಇಲ್ಲ. ನರ ಉರಿಯುವುದನ್ನು ನಿಲ್ಲಿಸಿದ್ದು ಒತ್ತಡ ಇಳಿದು ಅಲ್ಲ. ಒತ್ತಿಸಿಕೊಂಡು ಒತ್ತಿಸಿಕೊಂಡು ಅದು ಕೆಲಸವನ್ನೇ ಬಿಟ್ಟಿತ್ತು. ಆರು ದಿನದಿಂದ ಆ ಸಾಕ್ಷಿ ನಮ್ಮ ಹೊಸಿಲ ಆಚೆ ಬಿದ್ದಿತ್ತು, ನಾನೇ ಬರೆದ ಬೋರ್ಡಿನ ಕೆಳಗೆ. ಒಳಗೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟು ಮಂಚ ಹತ್ತುವವರ ಕಾಲಿನಿಂದ ಏನೂ ಬೀಳುವುದಿಲ್ಲ.

"ಸರ್, ಮಷಿನ್ ನಿಲ್ಲಿಸಬೇಕು. ಇವರನ್ನ ಈಗಲೇ ಶಿವಮೊಗ್ಗಕ್ಕೆ ಕಳಿಸಬೇಕು."

ಸರ್ ಮುಖ ಗಂಟಿಕ್ಕಿದರು. "ನಿನಗೆ ಮೊದಲಿಂದಲೂ ಆ ಮಷಿನ್ ಕಂಡ್ರೆ ಆಗಲ್ಲ. ಬೆಲ್ಟ್ ಬಿಗಿಗೆ ಜೋಮು ಹಿಡಿದಿರುತ್ತೆ. ಇವತ್ತಿಂದು ಬಿಟ್ರೆ ಇನ್ನು ಎರಡೇ ಉಳಿದಿರೋದು, ಮುಗಿಸೋಣ."

ಇಲ್ಲಿ ಸೇರಿದಾಗಿನಿಂದ ಮೂರು ತಿಂಗಳು ದಿನಾ ತೋಳ ಬಂತು ತೋಳ ಎಂದು ಕೂಗಿದ್ದೆನಲ್ಲ, ಅದರ ಫಲ. ನಾಲಿಗೆಯ ತುದಿಯಲ್ಲಿ ಐದು ಉತ್ತರಗಳಿದ್ದವು, ಒಂದಕ್ಕಿಂತ ಒಂದು ಹರಿತ. ಅವನ್ನು ಬಿಟ್ಟು, "ನೀವೇ ಹಿಡಿದು ನೋಡಿ ಸರ್" ಎಂದು ಪಕ್ಕಕ್ಕೆ ಸರಿದೆ. ಸರ್ ಬಗ್ಗಿ ಹೆಬ್ಬೆರಳಿನ ಮೇಲೆ ತಮ್ಮ ಬೆರಳಿಟ್ಟರು. ಎತ್ತಿ ಎಂದರು. ಮತ್ತೆ ಎತ್ತಿ ಎಂದರು. ಮೂರನೇ ಸಲ ಎನ್ನಲಿಲ್ಲ. ಎದ್ದು ಹೋಗಿ ಶಿವಮೊಗ್ಗದ ಡಾಕ್ಟರಿಗೆ ಫೋನು ಮಾಡಿದರು. ಆ ಮನುಷ್ಯನ ಬಗ್ಗೆ ನನಗಿದ್ದ ದೂರುಗಳಲ್ಲಿ ಅರ್ಧವನ್ನು ಅವತ್ತೇ ಕೈಬಿಟ್ಟೆ.

ಈಗ ಒಪ್ಪದವರು ಡ್ರೈವರ್.

"ನೋವೇ ಇಲ್ಲ, ಆಪರೇಷನ್ ಯಾತಕ್ಕೆ? ಬುಧವಾರ ನಾನು ಗಾಡಿ ಹತ್ತೋನು."

"ನೋವಿಲ್ಲ ಅನ್ನೋದೇ ಕೆಟ್ಟದ್ದು ಅಣ್ಣಾ."

"ನೋಡ್ರಪ್ಪಾ! ನೋವು ಕಾಲಿಂದ ಹೋದ್ರೆ ಗೆದ್ದಂಗೆ ಅಂದೋರು ಯಾರು? ಬರೆದಿಟ್ಕೊಳ್ಳಿ ಅಂದೋರು ಯಾರು?"

"ನೋವು ಹೋಗಿ ಬಲ ಉಳಿದರೆ ಗೆದ್ದ ಹಾಗೆ. ಬಲಾನೂ ಹೋದ್ರೆ..."

"ಅದನ್ನ ಅವತ್ತು ಹೇಳ್ಲಿಲ್ಲ ನೀವು."

ಹೇಳಿರಲಿಲ್ಲ. ನರದ ಚಿತ್ರ ಮತ್ತೆ ಬರೆದೆ, ಅವರು ನೋಡಲಿಲ್ಲ. ತಡವಾದಷ್ಟೂ ಬಲ ವಾಪಸು ಬರುವುದು ಕಷ್ಟ ಎಂದೆ. "ಎಲ್ಲಾ ಡಾಕ್ಟ್ರೂ ಹಿಂಗೇ ಹೆದರ್ಸೋದು" ಎಂದರು. ಹೆಂಡತಿ ನನ್ನ ಮುಖ, ಅವರ ಮುಖ ನೋಡುತ್ತ ನಿಂತಿದ್ದರು. ಈ ಮನುಷ್ಯನನ್ನು ಮಾತಿನಲ್ಲಿ ಗೆಲ್ಲುವುದು ನನ್ನಿಂದಾಗದು ಎಂಬುದು ಅಷ್ಟು ಹೊತ್ತಿಗೆ ಖಾತ್ರಿಯಾಗಿತ್ತು.

ಬೆಲ್ಟುಗಳು ಬಂದಿದ್ದ ಖಾಲಿ ರಟ್ಟಿನ ಡಬ್ಬ ಮೂಲೆಯಲ್ಲಿತ್ತು. ಒಂದು ಕುರ್ಚಿ ಎಳೆದು ಡ್ರೈವರನ್ನು ಕೂರಿಸಿದೆ. ಬಲಗಾಲ ಕೆಳಗೆ ಒಂದು ಫೈಲು ಇಟ್ಟೆ. ಅದರ ಎಡಕ್ಕೆ, ಗೇಣೆತ್ತರ ಬರುವ ಹಾಗೆ, ಆ ಡಬ್ಬ.

"ಫೈಲು ಆಕ್ಸಿಲರೇಟರ್. ಡಬ್ಬ ಬ್ರೇಕು. ಹಿಮ್ಮಡಿ ನೆಲದ ಮೇಲೇ ಇರಲಿ. ನೀವು ಗಾಡೀಲಿ ಹೆಂಗೆ ಮಾಡ್ತೀರೋ ಹಂಗೆ."

"ಇದೇನು ಮಕ್ಕಳಾಟ" ಎಂದು ನಕ್ಕರು. ಆದರೂ ಕೈಗಳು ತಾವಾಗಿಯೇ ಇಲ್ಲದ ಸ್ಟೇರಿಂಗ್ ಹಿಡಿದವು.

"ತಾಳಗುಂದ ದಾಟಿದ್ರಿ. ರಸ್ತೆ ಖಾಲಿ. ಒತ್ತಿ." ಒತ್ತಿದರು. "ಬ್ರೇಕ್!"

ಪಾದ ಏಳಲಿಲ್ಲ. ಫೈಲಿನ ಮೇಲೆ ತೆವಳಿ, ಬೆರಳು ಡಬ್ಬದ ಅಂಚಿಗೆ ತಾಗಿ, ಡಬ್ಬ ಉರುಳಿತು. ನಗು ನಿಂತಿತು. ಡಬ್ಬವನ್ನು ತಾವೇ ಬಗ್ಗಿ ನೆಟ್ಟಗೆ ಇಟ್ಟರು. "ಇನ್ನೊಂದ್ಸಲ ಅನ್ರಿ." ಅಂದೆ. ಮತ್ತೆ ಉರುಳಿತು. ಮೂರನೇ ಸಲ ನಾನು ಬ್ರೇಕ್ ಎಂದಾಗ ಅವರು ಬಲಗೈಯಿಂದ ತೊಡೆಯನ್ನು ಹಿಡಿದೆತ್ತಿ ಪಾದವನ್ನು ಡಬ್ಬದ ಮೇಲೆ ಇಟ್ಟರು. ಆಮೇಲೆ ಆ ಕೈಯನ್ನೇ ನೋಡುತ್ತ ಕೂತರು. ಅದು ಸ್ಟೇರಿಂಗ್ ಮೇಲೆ ಇರಬೇಕಿದ್ದ ಕೈ.

"ಶನಿವಾರ ಸಂತೆಗೆ ಅರವತ್ತು ಜನ ಹತ್ತಿರ್ತಾರೆ" ಎಂದರು, ಯಾರಿಗೂ ಅಲ್ಲದ ಹಾಗೆ.

ಹೆಂಡತಿ ಚೀಲದಿಂದ ಸ್ಕ್ಯಾನ್ ಕವರು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಏಳ್ರಿ."

ಸರ್ ತಮ್ಮ ಕಾರಿನಲ್ಲೇ ಕರೆದೊಯ್ದರು, ನಾನೂ ಜೊತೆಗೆ ಹೋದೆ. ಶಿವಮೊಗ್ಗದಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಕಾಲು ಸೋತು ಎಷ್ಟು ದಿನವಾಯಿತು ಎಂದು. ಹಾಳೆ ನನ್ನ ಕೈಯಲ್ಲಿತ್ತು. ಅದರಲ್ಲಿ ಐದು ಸೊನ್ನೆ ಬಿಟ್ಟರೆ ಉತ್ತರವಿರಲಿಲ್ಲ. "ಚಪ್ಪಲಿಗೆ ಟ್ಯೂಬ್ ಕಟ್ಟಿ ಆರು ದಿನ" ಎಂದರು ಹೆಂಡತಿ. ಡಾಕ್ಟರು ಅದನ್ನೇ ಬರೆದುಕೊಂಡರು. ಹೊಸ ಸ್ಕ್ಯಾನಿನಲ್ಲಿ ಡಿಸ್ಕಿನ ಒಂದು ತುಣುಕು ಮುರಿದು ನರದ ಮೇಲೆ ಕೂತಿತ್ತು. ಮರುದಿನ ಆಪರೇಷನ್.

ತುಣುಕು ಮುರಿದದ್ದು ಎಳೆತದಿಂದಲೇ ಎಂದು ನಾನು ಡಾಕ್ಟರ ಬಾಯಲ್ಲಿ ಹೇಳಿಸಲು ನೋಡಿದೆ. "ಹೇಳೋಕೆ ಬರಲ್ಲ. ಎಳೆಯದೇ ಇದ್ದರೂ ಎಷ್ಟೋ ಜನಕ್ಕೆ ಮುರಿಯುತ್ತೆ" ಎಂದರು. ಸರ್ ಪಕ್ಕದಲ್ಲೇ ಇದ್ದರು. ಮಷಿನ್ನಿನ ಬಗ್ಗೆ ನನ್ನ ಅಭಿಪ್ರಾಯ ಈಗಲೂ ಅದೇ. ಆದರೆ ಅವತ್ತು ತಪ್ಪಿದ್ದು ಮಷಿನ್ನಲ್ಲ ಎಂದು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಮುಕ್ತಿಯ ಬೋರ್ಡು ಇನ್ನೂ ಇದೆ. ಅದರ ವಿರುದ್ಧದ ನನ್ನ ಹೋರಾಟವೂ ಇದೆ. ವಿಡಿಯೋವನ್ನು ಮಾತ್ರ ಸರ್ ತಾವಾಗಿಯೇ ಅಳಿಸಿದರು. ನಾನು ನನ್ನ ಬೋರ್ಡು ಕಿತ್ತು ಹೊಸದು ಅಂಟಿಸಿದೆ: 'ಚಪ್ಪಲಿ ಹಾಕಿಕೊಂಡೇ ಒಳಗೆ ಬನ್ನಿ'. ಜನ ಅದನ್ನು ಓದಿ, ತಪ್ಪಾಗಿ ಬರೆದಿದ್ದಾರೆ ಎಂದುಕೊಂಡು, ಹೊರಗೇ ಬಿಟ್ಟು ಬರುತ್ತಾರೆ. ದಿನಾ ಬಾಗಿಲಿಗೆ ಹೋಗಿ ಕೂಗುತ್ತೇನೆ. ಕೆಂಪು ರಾಡಿಯನ್ನು ದಿನಾ ಒರೆಸುತ್ತೇನೆ. ಹಾಳೆಯಲ್ಲಿ ನಾಲ್ಕನೆಯ ಕಾಲಮ್ಮು ಬಂದಿದೆ, ಹೆಬ್ಬೆರಳಿನದು.

ನಾಲ್ಕು ತಿಂಗಳಾದ ಮೇಲೆ, ಸೊರಬದಲ್ಲಿ ಸರ್ ವಾರಕ್ಕೊಂದು ದಿನ ನಡೆಸುವ ಕೋಣೆಗೆ ಡ್ರೈವರ್ ಬಂದರು. ಅಲ್ಲಿಗೂ ನಾನು ಹೋಗುತ್ತೇನೆ, ಆ ಬಾಗಿಲಿಗೂ ಅದೇ ಬೋರ್ಡು ಅಂಟಿಸಿದ್ದೆ. ಆ ಬಸ್ಸು ಈಗ ಬದಲಿ ಡ್ರೈವರಿನದು. ಇವರು ಸೊರಬದ ಸ್ಟ್ಯಾಂಡಿನಲ್ಲಿ ನಿಂತು ಅದೇ ಬಸ್ಸಿಗೆ ಜನರನ್ನು ಕೂಗಿ ಹತ್ತಿಸುತ್ತಾರೆ, ಹೊರಡುವ ಸಮಯ ಬರೆದುಕೊಳ್ಳುತ್ತಾರೆ. ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿಯನ್ನು ದಿನದಲ್ಲಿ ಸ್ವಲ್ಪ ಹೊತ್ತು ಬಿಚ್ಚಬಹುದು ಎಂದಿದ್ದಾರೆ ಡಾಕ್ಟರು. ಬಲ ಪೂರ್ತಿ ಬರುತ್ತದೆ ಎಂದೂ ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ.

ಬಾಗಿಲಲ್ಲಿ ಪಟ್ಟಿ ಬಿಚ್ಚಿಟ್ಟು, ಹವಾಯಿ ಚಪ್ಪಲಿ ಮೆಟ್ಟಿಕೊಂಡರು. ಟ್ಯೂಬು ಇರಲಿಲ್ಲ. ಕತ್ತರಿಸಿ ಎಸೆದಿದ್ದರು. ಹೊಸಿಲು ದಾಟಿ ಗೋಡೆಯ ತನಕ ನಡೆದು, ತಿರುಗಿ ನಡೆದರು. ಚಪ್ಪಲಿ ಬಿಟ್ಟು ಹೋಗುವ ತನಕ ಎಷ್ಟು ಹೆಜ್ಜೆ ಎಂದು ನಾನು ಎಣಿಸುತ್ತಿದ್ದೆ. ಬಲಗಾಲ ಚಪ್ಪಲಿ ಬಿಟ್ಟು ಹಿಂದೆ ಉಳಿಯಿತು.

"ಹದಿನಾಲ್ಕು" ಎಂದೆ.

"ಹದಿನೈದು. ಹೊಸಿಲ ಮೇಲಿಟ್ಟಿದ್ದು ಬಿಟ್ರಿ ನೀವು."

"ಹೊಸಿಲು ಲೆಕ್ಕಕ್ಕಿಲ್ಲ ಅಣ್ಣಾ."

"ಯಾಕಿಲ್ಲ? ಚಪ್ಪಲಿ ಹಾಕ್ಕಂಡೇ ಬರ್ರಿ ಅಂತ ಬೋರ್ಡ್ ಹಾಕಿದೋರು ಯಾರು?"

ಕೂರಿಸಿ, ಹೆಬ್ಬೆರಳು ಎತ್ತಿಸಿ, ನನ್ನ ಬೆರಳಿಟ್ಟು ಕೆಳಕ್ಕೆ ಒತ್ತಿದೆ. ಒತ್ತಿದ್ದಕ್ಕೆ ಅದು ತಕ್ಷಣ ಬಗ್ಗಲಿಲ್ಲ. ಒಂದು ಕ್ಷಣ ನನಗೆ ಎದುರು ನಿಂತು, ಆಮೇಲೆ ಬಗ್ಗಿತು. ಅದನ್ನು ನಾಲ್ಕನೆಯ ಕಾಲಮ್ಮಿನಲ್ಲಿ ಬರೆದು, ಪಕ್ಕದಲ್ಲಿ ಹದಿನೈದು ಎಂದು ಬರೆದೆ.